ಜಾಮೀನು ಮಂಜೂರಾದ ಮೇಲೂ ಜೈಲು: ಬಾಂಡ್, ಜಾಮೀನುದಾರ ಮತ್ತು ಪಹಣಿಯ ಕುರಿತ ಟಿಪ್ಪಣಿ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣಗಳ ಪ್ರಕ್ರಿಯೆಯನ್ನು ಹೇಳುವ ಕಾನೂನು) ಜಾಮೀನಿನ ಅಧ್ಯಾಯವನ್ನು ಓದುತ್ತ ನಾನು ಒಂದು ವಾರ ಒಂದೇ ಕಡೆ ತಡವರಿಸಿದೆ. ಜಾಮೀನು ನೀಡಬಹುದಾದ ಅಪರಾಧಕ್ಕೂ (ಜಾಮೀನು ಆರೋಪಿಯ ಹಕ್ಕು) ಜಾಮೀನುರಹಿತ ಅಪರಾಧಕ್ಕೂ (ಜಾಮೀನು ಕೊಡುವುದು ನ್ಯಾಯಾಲಯದ ವಿವೇಚನೆ) ಇರುವ ವ್ಯತ್ಯಾಸವನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನನ್ನು ಕಾಡಿದ ಪ್ರಶ್ನೆ ಬೇರೆ: ನಮ್ಮಲ್ಲಿ ಜಾಮೀನಿಗೆ ಸಾಮಾನ್ಯವಾಗಿ ಹಣವನ್ನೇ ಕಟ್ಟಬೇಕಿಲ್ಲ ಎಂದಾದರೆ, ಬಡವರು ಜಾಮೀನು ಸಿಕ್ಕ ಮೇಲೂ ಜೈಲಿನಲ್ಲಿ ಉಳಿಯುವುದು ಹೇಗೆ?

ಮೊದಲು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. "50,000 ರೂಪಾಯಿ ಮೊತ್ತದ ಬಾಂಡ್ ಹಾಗೂ ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ" ಎಂಬ ಸಾಲನ್ನು ಓದಿದಾಗಲೆಲ್ಲ ಆರೋಪಿ 50,000 ರೂಪಾಯಿ ಎಣಿಸಿ ಕೊಟ್ಟು ಹೊರಗೆ ಬರುತ್ತಾನೆ ಎಂದೇ ತಿಳಿದಿದ್ದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಾಗೆ ನಗದು ಕಟ್ಟಿಸಿಕೊಳ್ಳುವ ಪದ್ಧತಿ ಇದೆ. ಸಿನಿಮಾ ನೋಡಿದ ತಲೆಯಲ್ಲಿ ಅದು ಉಳಿದುಬಿಟ್ಟಿತ್ತು. ನಮ್ಮಲ್ಲಿ ಬಾಂಡ್ ಎಂದರೆ ಬರೆದುಕೊಡುವ ಮುಚ್ಚಳಿಕೆ. ಕರೆದ ದಿನ ಬರುತ್ತೇನೆ, ತಪ್ಪಿದರೆ ಇಷ್ಟು ಹಣ ಕೊಡಲು ಬದ್ಧನಾಗಿದ್ದೇನೆ ಎಂಬ ಮಾತು ಅದರಲ್ಲಿರುತ್ತದೆ. ಆರೋಪಿ ತಪ್ಪಿಸಿಕೊಂಡರೆ ಮಾತ್ರ ಕಲಂ 491ರ ಪ್ರಕಾರ ಮುಟ್ಟುಗೋಲಿನ ಪ್ರಶ್ನೆ ಏಳುತ್ತದೆ. ಸಹಿ ಮಾಡುವ ದಿನ ಆ 50,000ದಲ್ಲಿ ಒಂದು ರೂಪಾಯಿಯೂ ಕೈ ಬದಲಿಸುವುದಿಲ್ಲ.

ತೊಡಕು ಇರುವುದು ಆ ಸಾಲಿನ ಎರಡನೆಯ ಅರ್ಧದಲ್ಲಿ, ಅಂದರೆ ಜಾಮೀನುದಾರನಲ್ಲಿ. ನನ್ನ ಗೊಂದಲಕ್ಕೆ ಕನ್ನಡದ ಪದವೂ ಒಂದಿಷ್ಟು ಕಾರಣ ಎಂದು ಆಮೇಲೆ ಹೊಳೆಯಿತು. "ಅವನಿಗೆ ಜಾಮೀನು ಸಿಕ್ಕಿತು" ಎನ್ನುವಾಗ ಜಾಮೀನು ಎಂದರೆ ಬಿಡುಗಡೆ; "ನಾನು ಅವನಿಗೆ ಜಾಮೀನು ನಿಂತೆ" ಎನ್ನುವಾಗ ಹೊಣೆ. ಒಂದೇ ಪದ ಎರಡನ್ನೂ ಹೇಳುವುದರಿಂದ, ಹೊಣೆ ನಿಲ್ಲುವವರು ಇಲ್ಲದೆ ಬಿಡುಗಡೆಯೇ ಇಲ್ಲವೆಂಬ ಭಾವನೆ ನಮಗೆ ಅರಿವಿಲ್ಲದೆಯೇ ಬೇರೂರಿರುತ್ತದೆ. ಸಂಹಿತೆಯ ಕಲಂ 2 ಈ ಗಂಟನ್ನು ಬಿಡಿಸಿದೆ: ಜಾಮೀನುದಾರರಿಲ್ಲದೆ ಆರೋಪಿಯೊಬ್ಬನೇ ಬರೆದುಕೊಡುವುದು ಬಾಂಡ್, ಜಾಮೀನುದಾರರ ಸಹಿತ ಬರೆದುಕೊಡುವುದು ಬೇಲ್ ಬಾಂಡ್, ಇವೆರಡರಲ್ಲಿ ಯಾವುದರ ಮೇಲಾದರೂ ಆಗುವ ಬಿಡುಗಡೆಯೇ ಬೇಲ್. ಈ ಅಧ್ಯಾಯದಲ್ಲಿ ಯಾವ ಕಲಂ ಓದಿದರೂ ಬಾಂಡ್ ಎಂದಿದೆಯೋ ಬೇಲ್ ಬಾಂಡ್ ಎಂದಿದೆಯೋ ಎಂಬುದರ ಕೆಳಗೆ ಮೊದಲು ಗೆರೆ ಎಳೆಯಿರಿ. ನನ್ನ ಅರ್ಧ ಗೊಂದಲ ಇಷ್ಟರಿಂದಲೇ ಹೋಯಿತು.

ಇನ್ನು ಜಾಮೀನುದಾರ ಎಂದರೆ ಯಾರು? ಮೊತ್ತಕ್ಕೆ ತಕ್ಕ ಆಸ್ತಿ ತನಗಿದೆ ಎಂದು ನ್ಯಾಯಾಲಯಕ್ಕೆ ತೋರಿಸಬಲ್ಲವನು. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಹಳ್ಳಿಯವರ ಮಟ್ಟಿಗೆ ಇದು ಬಹುತೇಕ ಪಹಣಿಯ ಮಾತಾಗುತ್ತದೆ. ಕಾನೂನು ನೆರವು ತರಬೇತಿಗೆಂದು ನಾನು ಹೋಗಿದ್ದ ಒಂದು ನ್ಯಾಯಾಲಯದಲ್ಲಿ, ಕಳವಿನ ಆರೋಪ ಹೊತ್ತಿದ್ದ ಕೂಲಿ ಹುಡುಗನೊಬ್ಬನಿಗೆ ಮೇಲಿನದೇ ಷರತ್ತಿನ ಮೇಲೆ ಜಾಮೀನು ಮಂಜೂರಾಗಿ ಹನ್ನೆರಡು ದಿನವಾಗಿತ್ತು. ಅವನ ಮನೆಯವರಿಗೆ ಗುಂಟೆ ಜಮೀನೂ ಇರಲಿಲ್ಲ. ಅವನ ತಾಯಿ ತಾನು ಕೆಲಸಕ್ಕೆ ಹೋಗುತ್ತಿದ್ದ ಹೊಲದ ಯಜಮಾನರ ಕೈಕಾಲು ಹಿಡಿದು ಕರೆತಂದಿದ್ದರು. ಅವರು ತಂದ ಪಹಣಿ ಅವರ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗಿರಲಿಲ್ಲ. ಗುಮಾಸ್ತರು ಹೆಸರಿನ ಮೇಲೆ ಬೆರಳಿಟ್ಟು ಕಾಗದವನ್ನು ವಾಪಸು ಕೊಟ್ಟರು. ಎರಡು ಎಕರೆ ಉಳುತ್ತಿದ್ದ ಆ ರೈತರೇ ಕಾಗದದ ಮೇಲೆ ಆಸ್ತಿ ಇಲ್ಲದವರಾಗಿದ್ದರು.

ಜಾಮೀನುದಾರ ಸಿಕ್ಕರೂ ಅವನ ಬಸ್ ಚಾರ್ಜು, ಪ್ರಮಾಣಪತ್ರದ ಖರ್ಚು, ತಪ್ಪಿದ ದಿನಗೂಲಿ ಎಲ್ಲವೂ ಆರೋಪಿಯ ಮನೆಯವರ ತಲೆಗೇ ಬರುತ್ತವೆ. ಯಾರೂ ಸಿಗದಿದ್ದಾಗ ಹಣಕ್ಕೆ ಹೊಣೆ ನಿಲ್ಲುವ ಬಾಡಿಗೆ ಜಾಮೀನುದಾರರ ದಂಧೆಗೆ ದಾರಿಯಾಗುತ್ತದೆ. ಎಷ್ಟು ಜನರಿಗೆ ಈಗಾಗಲೇ ಜಾಮೀನು ನಿಂತಿದ್ದೇನೆ ಎಂದು ಜಾಮೀನುದಾರ ಘೋಷಿಸಬೇಕೆಂಬ ಕಲಂ 486ರ ನಿಯಮ ಈ ದಂಧೆಯನ್ನು ನೆನೆದರೆ ಸುಲಭವಾಗಿ ಅರ್ಥವಾಗುತ್ತದೆ.

ಇದೆಲ್ಲ ಹೊಸ ಸಂಗತಿಯಲ್ಲ. 1978ರ ಮೋತಿ ರಾಮ್ ಪ್ರಕರಣದಲ್ಲಿ ಆರೋಪಿ ಒಬ್ಬ ಗಾರೆ ಕೆಲಸದವನು. ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸಿದ ಮೇಲೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರನನ್ನು ಕೇಳಿದರು. ಹೊಣೆ ನಿಲ್ಲಲು ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡುವಂತೆ ಹೇಳಿ, ಜಾಮೀನುದಾರರಿಲ್ಲದ ಬಿಡುಗಡೆಯೂ ಬೇಲ್ ಎಂಬ ಪದದೊಳಗೇ ಬರುತ್ತದೆ ಎಂದು ಸ್ಪಷ್ಟಪಡಿಸಿದರು. ಸಂಹಿತೆಯ ಈಗಿನ ವ್ಯಾಖ್ಯೆ ಬಂದದ್ದು ಇದಾಗಿ 45 ವರ್ಷಗಳ ನಂತರ. 1979ರಲ್ಲಿ, ಬಿಹಾರದ ವಿಚಾರಣಾಧೀನ ಕೈದಿಗಳ ಕುರಿತ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರೂ ಇದೇ ದಿಕ್ಕಿನಲ್ಲಿ ಬರೆದರು.

ಪರೀಕ್ಷೆಗೆ ಓದುವವರು ಎಡವುವ ಜಾಗ ಕಲಂ 478. ನಿರ್ಗತಿಕ ಆರೋಪಿಗೆ ಜಾಮೀನುದಾರರನ್ನು ಒದಗಿಸಲು ಆಗದಿದ್ದರೆ ಬರೀ ಬಾಂಡ್ ಮೇಲೆ ಬಿಡಲೇಬೇಕು, ಬಂಧನವಾಗಿ ಒಂದು ವಾರದೊಳಗೆ ಬೇಲ್ ಬಾಂಡ್ ಕೊಡಲಾಗದಿದ್ದರೆ ಅವನನ್ನು ನಿರ್ಗತಿಕನೆಂದು ಭಾವಿಸಲು ಅಷ್ಟೇ ಸಾಕು ಎಂದು ಅದು ಹೇಳುತ್ತದೆ. ಓದಿದೊಡನೆ ಸಮಸ್ಯೆ ಬಗೆಹರಿಯಿತು ಎನಿಸುತ್ತದೆ. ಆದರೆ ಈ ಕಲಂ ಜಾಮೀನು ನೀಡಬಹುದಾದ ಅಪರಾಧಗಳಿಗೆ ಮಾತ್ರ ಅನ್ವಯಿಸುತ್ತದೆ. ಜಾಮೀನುರಹಿತ ಅಪರಾಧದಲ್ಲಿ ಒಂದು ವಾರದ ಆ ಊಹೆ ಇಲ್ಲ. ಬಾಂಡಿನ ಮೊತ್ತ ಅತಿಯಾಗಿರಕೂಡದು ಎಂಬ ಕಲಂ 484 ಇದೆ, ಅಷ್ಟೆ. ಮೊತ್ತ ಎಷ್ಟೇ ಇಳಿದರೂ ಪಹಣಿ ಇಲ್ಲದವನ ಪಾಡು ಬದಲಾಗುವುದಿಲ್ಲ ಎಂಬುದನ್ನು ಅದು ಗಮನಿಸುವುದಿಲ್ಲ.

ಆ ಕೊರತೆಯನ್ನು ಒಂದಷ್ಟು ತುಂಬುವುದು ಸುಪ್ರೀಂ ಕೋರ್ಟಿನ 2023ರ ಜನವರಿ 31ರ ನಿರ್ದೇಶನಗಳು. ಜಾಮೀನು ಮಂಜೂರಾಗಿ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟದಿಂದಲೂ ಬಿಡುಗಡೆ ತಡವಾಗುತ್ತದೆ ಎಂಬುದನ್ನೂ ಅಲ್ಲಿ ಹೇಳಿದೆ. ಅದೇ ವರ್ಷ ಬಂದ ಕೇಂದ್ರದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನ ಕೈದಿಗೆ ಆರಂಭದಲ್ಲಿ 40,000 ರೂಪಾಯಿವರೆಗೆ ಒದಗಿಸಲು ಅವಕಾಶವಿತ್ತು. ಹಣ ಕಟ್ಟಬೇಕಿಲ್ಲ ಎಂದಮೇಲೆ ಈ ಹಣವೇಕೆ ಎಂದು ನಾನೂ ಕೇಳಿಕೊಂಡೆ: ಬಾಂಡಿನ ಬದಲು ಠೇವಣಿ ಇಡಲು ನ್ಯಾಯಾಲಯ ಅನುಮತಿಸಬಹುದೆಂದು ಕಲಂ 490 ಹೇಳುತ್ತದೆ, ಹೊಣೆ ನಿಲ್ಲುವವರೇ ಇಲ್ಲದವನಿಗೆ ಆ ದಾರಿ ಉಳಿದಿರುತ್ತದೆ.

ಕಲಂ 479ನ್ನು ಮೇಲಿನ ಗೆರೆ ಎಳೆಯುವ ಉಪಾಯದೊಂದಿಗೆ ಓದಿ. ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಜೈಲಿನಲ್ಲಿ ಕಳೆದವನನ್ನು ಬೇಲ್ ಮೇಲೆ ಬಿಡಬೇಕು ಎಂದಿದೆ. ಹಿಂದೆಂದೂ ಶಿಕ್ಷೆಯಾಗದವನು ಮೂರನೇ ಒಂದು ಭಾಗ ಕಳೆದಿದ್ದರೆ ಅವನನ್ನು ಬಾಂಡ್ ಮೇಲೆ ಬಿಡಬೇಕು ಎಂದಿದೆ. ಮೂರು ವರ್ಷ ಶಿಕ್ಷೆಯ ಅಪರಾಧವಾದರೆ ಒಂದು ವರ್ಷ. ವ್ಯಾಖ್ಯೆಯ ಪ್ರಕಾರ ಬಾಂಡ್ ಎಂದರೆ ಜಾಮೀನುದಾರರಿಲ್ಲದ್ದು, ಆದ್ದರಿಂದ ಇಲ್ಲಿ ಪಹಣಿ ಕೇಳಲು ಅವಕಾಶವಿಲ್ಲ ಎಂಬುದು ನನ್ನ ಓದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇದು ಸಿಗುವುದಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಕೈದಿಗಳಲ್ಲಿ 4,34,302 ಜನ ವಿಚಾರಣಾಧೀನರು. ಇವರಲ್ಲಿ ಎಲ್ಲರೂ ಜಾಮೀನು ಸಿಕ್ಕಿಯೂ ಉಳಿದವರಲ್ಲ. ಉತ್ತರ ಬರೆಯುವಾಗ ಆ ಎರಡನ್ನು ಬೆರೆಸಬೇಡಿ.

ಆ ಹುಡುಗನ ಪರವಾಗಿ ಕಾನೂನು ನೆರವಿನ ವಕೀಲರು ಪೌತಿ ಖಾತೆಗೆ ಕಾಯದೆ, ಜಾಮೀನುದಾರನ ಷರತ್ತನ್ನು ಕೈಬಿಟ್ಟು ಸ್ವಂತ ಬಾಂಡ್ ಮೇಲೆ ಬಿಡಬೇಕೆಂದು ಮಾರ್ಪಾಡಿನ ಅರ್ಜಿ ಬರೆದರು. 1978ರ ತೀರ್ಪಿನ ಪ್ರತಿಯನ್ನು ಅದಕ್ಕೆ ಲಗತ್ತಿಸಿದ್ದು ನಾನೇ. ವಿಚಾರಣೆಗೆ ದಿನ ಗೊತ್ತಾದದ್ದು ಮುಂದಿನ ಸೋಮವಾರಕ್ಕೆ.