ಸೃಷ್ಟಿ ಕಥೆಗಳಲ್ಲಿ ಯಾರು ಯಾರದ್ದನ್ನು ಕದ್ದರು?

ಪ್ರಶ್ನೆ: ಯಾವ ದೇಶದ ಸೃಷ್ಟಿ ಕಥೆ ಓದಿದರೂ ಅದೇ ನೀರು, ಅದೇ ಕತ್ತಲೆ, ಅದೇ ಮೊಟ್ಟೆ, ಅದೇ ಮಣ್ಣಿನ ಮನುಷ್ಯ. ಒಬ್ಬರದ್ದನ್ನು ಇನ್ನೊಬ್ಬರು ಕದ್ದಿದ್ದಾರಾ? ಹಾಗಾದರೆ ಮೂಲ ಯಾರದ್ದು?

ಉತ್ತರ: ಕೆಲವು ಕಡೆ ಎರವಲು ಪಡೆದಿದ್ದಾರೆ, ನಿಜ. ಆದರೆ ಎಲ್ಲದಕ್ಕೂ ಒಂದೇ ಮೂಲ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. ಯಾರಿಗೆ ಬೇಕಾದರೂ ಹೊಳೆಯಬಹುದಾದ ಮಾತು ಎರಡು ಕಡೆ ಸಿಕ್ಕರೆ ಸುಮ್ನೆ ಇರಿ. ಕಥೆಗೆ ಅಷ್ಟೇನೂ ಬೇಕಿಲ್ಲದ ಚಿಲ್ಲರೆ ವಿವರ ಎರಡು ಕಡೆ ಸಿಕ್ಕರೆ ಕಿವಿ ನಿಮಿರಿಸಿ.

ನೀರು ಮೊದಲನೇ ಜಾತಿಗೆ ಸೇರಿದ್ದು. ಈಜಿಪ್ಟಿನವರ ಆದಿಜಲದ ಹೆಸರು ನುನ್. ಬ್ಯಾಬಿಲೋನಿನ ಕಥೆಯಲ್ಲಿ ಸಿಹಿನೀರಿನ ಅಪ್ಸು, ಉಪ್ಪುನೀರಿನ ತಿಯಾಮತ್ ಬೆರೆತು ದೇವತೆಗಳು ಹುಟ್ಟುತ್ತಾರೆ. ಋಗ್ವೇದದ 10ನೇ ಮಂಡಲದ 129ನೇ ಸೂಕ್ತದಲ್ಲಿ ಕತ್ತಲೆಯನ್ನು ಕತ್ತಲೆಯೇ ಮುಚ್ಚಿತ್ತು, ಎಲ್ಲವೂ ಗುರುತು ಸಿಗದ ನೀರಾಗಿತ್ತು. ಬೈಬಲಿನ ಆರಂಭದಲ್ಲೂ ಆಳವಾದ ನೀರು, ಅದರ ಮೇಲೆ ಕತ್ತಲೆ. ಇದಕ್ಕೆ ಕಳ್ಳತನ ಬೇಕಾ? ನೈಲ್ ನದಿ ಪ್ರತಿ ವರ್ಷ ಉಕ್ಕಿ ಹೊಲಗಳನ್ನು ಮುಳುಗಿಸುತ್ತಿತ್ತು. ನೀರು ಇಳಿದಾಗ ಮೊದಲು ತಲೆ ಎತ್ತುತ್ತಿದ್ದದ್ದು ಮಣ್ಣಿನ ದಿಬ್ಬಗಳು. ಈಜಿಪ್ಟಿನ ಕಥೆಯಲ್ಲೂ ನುನ್ ಒಳಗಿಂದ ಮೊದಲು ಮೇಲೆದ್ದದ್ದು ಒಂದು ದಿಬ್ಬವೇ. ಇನ್ನು ಹೆರಿಗೆ ನೋಡಿದವರಿಗೆ ನೀರು ಒಡೆದ ಮೇಲೇ ಮಗು ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಮೊಟ್ಟೆಯದ್ದೂ ಹಾಗೆಯೇ. ಛಾಂದೋಗ್ಯ ಉಪನಿಷತ್ತಿನಲ್ಲಿ ಮೊಟ್ಟೆ ಎರಡು ಹೋಳಾಗಿ, ಬೆಳ್ಳಿಯ ಹೋಳು ಭೂಮಿ, ಚಿನ್ನದ ಹೋಳು ಆಕಾಶ ಆಗುತ್ತದೆ. ಚೀನಾದ ಕಥೆಯ ದೈತ್ಯ ಪಾನ್‌ಗು ಮೊಟ್ಟೆಯಂಥ ಗೊಂದಲದೊಳಗೆ 18,000 ವರ್ಷ ಇದ್ದ. ಫಿನ್ಲೆಂಡಿನಲ್ಲಿ ಒಂದು ಬಾತುಕೋಳಿ ಇಟ್ಟ ಮೊಟ್ಟೆ ಒಡೆದು ಲೋಕವಾಗುತ್ತದೆ. ಅಲುಗಾಡದ ಒಂದು ಗುಂಡು ವಸ್ತು ಒಳಗಿಂದ ತಾನೇ ಬಿರಿದು ಕೂಗತೊಡಗುವುದನ್ನು ನೋಡಿದವರಿಗೆ ಬೇರೆ ಗುರು ಬೇಡ.

ದೇಹ ಕತ್ತರಿಸಿ ಲೋಕ ಮಾಡುವ ಕಥೆಗೆ ಬಂದರೆ ಮಾತ್ರ ನಾನು ಸ್ವಲ್ಪ ನಿಲ್ಲುತ್ತೇನೆ. ಪುರುಷಸೂಕ್ತದಲ್ಲಿ ದೇವತೆಗಳು ಪುರುಷನನ್ನೇ ಯಜ್ಞಕ್ಕೆ ಕೊಡುತ್ತಾರೆ. ಅವನ ಕಣ್ಣಿಂದ ಸೂರ್ಯ, ಪಾದದಿಂದ ಭೂಮಿ, ತಲೆಯಿಂದ ಆಕಾಶ. ಅಲ್ಲಿಂದ ಸಾವಿರಾರು ಮೈಲಿ ದೂರದ ಐಸ್‌ಲೆಂಡಿನಲ್ಲಿ 13ನೇ ಶತಮಾನದಲ್ಲಿ ಬರೆದಿಟ್ಟ ಕಥೆಯಲ್ಲಿ ದೇವತೆಗಳು ಈಮಿರ್ ಎಂಬ ದೈತ್ಯನನ್ನು ಕೊಲ್ಲುತ್ತಾರೆ. ಅವನ ಮಾಂಸ ಭೂಮಿ, ರಕ್ತ ಸಮುದ್ರ, ಮೂಳೆ ಬೆಟ್ಟ, ಮಿದುಳು ಮೋಡ. ತಲೆಬುರುಡೆಯೇ ಆಕಾಶ! ಸಂಸ್ಕೃತವೂ ಈ ಐಸ್‌ಲೆಂಡಿನ ಕಥೆ ಬರೆದ ಹಳೆಯ ನಾರ್ಸ್ ಭಾಷೆಯೂ ಒಂದೇ ಮನೆತನದ ಭಾಷೆಗಳು. ಈಮಿರ್ ಎಂಬ ಹೆಸರೂ ವೇದದ ಯಮನ ಹೆಸರೂ ‘ಅವಳಿ’ ಎಂಬ ಒಂದೇ ಬೇರಿನಿಂದ ಬಂದವು ಎನ್ನುವ ಭಾಷಾಶಾಸ್ತ್ರಜ್ಞರು ಹಲವರಿದ್ದಾರೆ. ಹಾಗಿದ್ದರೆ ಇಲ್ಲಿ ಯಾರೂ ಕದ್ದಿಲ್ಲ, ಅಜ್ಜಿ ಒಬ್ಬಳೇ. ಆದರೆ ಪಾನ್‌ಗು ಸತ್ತಾಗಲೂ ಉಸಿರು ಗಾಳಿಯಾಯಿತು, ಕಣ್ಣು ಸೂರ್ಯ ಚಂದ್ರರಾದವು. ಚೀನೀ ಭಾಷೆ ಆ ಮನೆತನದ್ದಲ್ಲ. ಅದು ಭಾರತದ ಕಡೆಯಿಂದ ಹೋದದ್ದೋ, ಅಲ್ಲಿಯೇ ಹುಟ್ಟಿದ್ದೋ, ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ನಿಜವಾದ ಎರವಲು ಹೇಗಿರುತ್ತದೆ? ಅದಕ್ಕೆ ಸೃಷ್ಟಿ ಬಿಟ್ಟು ಪಕ್ಕದ ಪ್ರಳಯದ ಕಥೆಗೆ ಹೋಗಬೇಕು. 1872ರ ಡಿಸೆಂಬರಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್, ಇಂದಿನ ಇರಾಕಿನಲ್ಲಿರುವ ಪ್ರಾಚೀನ ನಗರ ನಿನೆವೆಯಲ್ಲಿ ಸಿಕ್ಕ ಮಣ್ಣಿನ ಹಲಗೆಯೊಂದರ ಬರಹವನ್ನು ಲಂಡನ್ನಿನಲ್ಲಿ ಓದಿ ಹೇಳಿದ. ಮುಳುಗಿದ ಲೋಕದಲ್ಲಿ ಹಡಗು ಬೆಟ್ಟಕ್ಕೆ ತಾಗಿ ನಿಂತಿದೆ. ಒಳಗಿದ್ದವನು ಪಾರಿವಾಳ ಬಿಡುತ್ತಾನೆ, ಕೂರಲು ಜಾಗ ಸಿಗದೆ ಅದು ವಾಪಸ್ ಬರುತ್ತದೆ. ಕವಲುತೋಕೆ ಹಕ್ಕಿ ಬಿಡುತ್ತಾನೆ, ಅದೂ ವಾಪಸ್. ಕಾಡುಕಾಗೆ ಬಿಡುತ್ತಾನೆ, ಅದು ಬರುವುದಿಲ್ಲ. ಬೈಬಲಿನ ಪ್ರಳಯದ ಕಥೆಯ ನೋಹನೂ ಕಾಡುಕಾಗೆ, ಪಾರಿವಾಳ ಬಿಟ್ಟೇ ನೆಲ ಹುಡುಕಿದ. ಪ್ರವಾಹ ಎಲ್ಲಿ ಬೇಕಾದರೂ ಬರಬಹುದು. ಬೆಟ್ಟಕ್ಕೆ ತಾಗಿದ ಹಡಗಿನಿಂದ ಹೀಗೆ ಹಕ್ಕಿ ಬಿಟ್ಟು ನೋಡುವುದು ಎರಡು ಕಡೆ ತಾನಾಗೇ ಹುಟ್ಟಿತು ಎಂದರೆ ನಂಬುವುದು ಕಷ್ಟ.

ಹಾಗಂತ ಎಲ್ಲರಿಗೂ ಸೃಷ್ಟಿ ಕಥೆ ಬೇಕೇಬೇಕು ಅಂತಲೂ ಇಲ್ಲ. ಜೈನರ ಪ್ರಕಾರ ಲೋಕವನ್ನು ಯಾರೂ ಮಾಡಿಲ್ಲ, ಅದಕ್ಕೆ ಶುರುವೂ ಇಲ್ಲ.

ಕೊನೆಗೆ ಮಣ್ಣಿನ ಮನುಷ್ಯ. ಈಜಿಪ್ಟಿನ ದೇವರು ಖ್ನುಮ್ ಕುಂಬಾರನ ತಿಗರಿಯಲ್ಲಿ ಮಾಡಿದ, ಚೀನಾದ ದೇವತೆ ನ್ಯೂವಾ ಹಳದಿ ಮಣ್ಣಲ್ಲಿ ಮಾಡಿದಳು. ಹೋಲಿಕೆ ಇಲ್ಲಿಗೇ ಮುಗಿಸುವವರೇ ಜಾಸ್ತಿ. ಗ್ವಾಟೆಮಾಲಾದ ಕಿಚೆ ಮಾಯಾ ಜನರ ಪುರಾಣಗ್ರಂಥ ಪೊಪೋಲ್ ವುಹ್‌ನಲ್ಲೂ ಮಣ್ಣಿನ ಮನುಷ್ಯ ಇದ್ದಾನೆ. ಆದರೆ ಅವನು ನೀರಲ್ಲಿ ಕರಗಿಯೇ ಹೋಗುತ್ತಾನೆ. ಆಮೇಲೆ ಮರದವರು ಬಂದರು. ಮಾತಾಡಿದರು, ಮಕ್ಕಳನ್ನೂ ಹಡೆದರು, ಮಾಡಿದವರನ್ನು ಮಾತ್ರ ನೆನೆಯಲಿಲ್ಲ. ಆಗ ಅವರ ಮನೆಯ ಮಡಕೆ, ಹೆಂಚು, ಬೀಸುವ ಕಲ್ಲು, ನಾಯಿ, ಎಲ್ಲ ಎದ್ದು ನಿಂತವು. ದಿನಾ ನಮ್ಮನ್ನು ಉರಿಯ ಮೇಲಿಟ್ಟು ಮುಖಕ್ಕೆ ಮಸಿ ಹಿಡಿಸಿದಿರಿ, ಈಗ ನಿಮ್ಮ ಸರದಿ ಎಂದು ಮಡಕೆಗಳು ಮೇಲೆ ಬಿದ್ದವು. ಆ ಮರದ ಜನರಲ್ಲಿ ಉಳಿದವರ ಸಂತತಿಯೇ ಕಾಡಿನ ಕೋತಿಗಳಂತೆ. ಜೋಳದ ಹಿಟ್ಟಿನಿಂದ ನಿಜವಾದ ಮನುಷ್ಯರನ್ನು ಮಾಡಿದ್ದು ಅದಾದ ಮೇಲೆ.