ಸೊಂಟ ಹಿಡಿದುಕೊಂಡ ಮೊದಲ ಹದಿನೈದು ದಿನ

ಬಿಂದಿಗೆ ಎತ್ತಲು ಬಗ್ಗಿದವರು ಮತ್ತೆ ನೆಟ್ಟಗಾಗಲು ಆಗದೆ ಅಲ್ಲೇ ನಿಲ್ಲುತ್ತಾರೆ. ಮನೆಯವರು ಮಲಗಿಸುತ್ತಾರೆ, ಮರುದಿನ ಎಂಆರ್‌ಐ ಮಾಡಿಸುತ್ತಾರೆ. ಹೆಚ್ಚಿನವರಿಗೆ ಎರಡೂ ಬೇಕಿಲ್ಲ. ಇಂಥ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ನೋವು ಇದೇ ಜಾಗದಿಂದ ಬರುತ್ತಿದೆ ಎಂದು ಸ್ಕ್ಯಾನ್ ಬೆರಳಿಟ್ಟು ತೋರಿಸಲಾರದು. ಬಹುಪಾಲು ಜನರ ನೋವು ಆರು ವಾರದೊಳಗೆ ಸಾಕಷ್ಟು ಇಳಿಯುತ್ತದೆ.

ವರದಿಯಲ್ಲಿ ಬರುವ ‘ಡಿಸ್ಕ್ ಬಲ್ಜ್’ (ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ) ಎಂಬ ಮಾತು ಅನೇಕರನ್ನು ಕಂಗೆಡಿಸುತ್ತದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಮರ್ಶೆಯೊಂದರಲ್ಲಿ 20ರ ವಯಸ್ಸಿನವರಲ್ಲಿ ಶೇ 30, 50ರವರಲ್ಲಿ ಶೇ 60 ಮಂದಿಗೆ ಈ ಉಬ್ಬು ಇತ್ತು. ಆ ಮಾತಿಗೆ ಹೆದರಿ ಬಗ್ಗುವುದನ್ನೇ ಬಿಟ್ಟರೆ ಸ್ನಾಯು ಸೊರಗಿ, ಸೊಂಟ ಇನ್ನಷ್ಟು ಬಿಗಿಯುತ್ತದೆ.

ತಡ ಮಾಡಬಾರದ ಸಂದರ್ಭಗಳು ಬೇರೆ. ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ತಗ್ಗದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮಲ್ಲಿ ಮರೆಯುವಂತಿಲ್ಲ. ಕ್ಯಾನ್ಸರ್ ಇದ್ದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಬಿದ್ದ ವೃದ್ಧರು ಕೂಡ ಕಾಯಬಾರದು.

ಇವು ಯಾವುವೂ ಇಲ್ಲದಿದ್ದರೆ ಮಂಡಿಯ ಕೆಳಗೆ ದಿಂಬಿಟ್ಟು ಅಂಗಾತ, ಇಲ್ಲವೇ ಮಂಡಿಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಅರ್ಧ ಗಂಟೆ ಮಲಗಿ. ಏಳುವಾಗ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಿ. ನೋವಿದ್ದರೂ ಮನೆಯೊಳಗೇ ಐದೈದು ನಿಮಿಷ, ದಿನಕ್ಕೆ ಐದಾರು ಸಲ ನಡೆಯಿರಿ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲದ ಶಾಖ ಒಮ್ಮೆಗೆ 15–20 ನಿಮಿಷ ಸಾಕು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಊಟದ ಮೇಲೆ, ಕೆಲವೇ ದಿನ. ಕಿಡ್ನಿ ಅಥವಾ ಹೃದಯದ ತೊಂದರೆ, ಹೊಟ್ಟೆ ಹುಣ್ಣು ಇದ್ದವರು, ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸುವ ಪದ್ಧತಿ ಖಂಡಿತ ಬೇಡ; ಟೊಳ್ಳಾದ ಮೂಳೆ ಅಷ್ಟಕ್ಕೇ ಕುಸಿಯಬಹುದು.

ರಾತ್ರಿಯಿಡೀ ಮಲಗಿದಾಗ ಡಿಸ್ಕ್ ನೀರು ಹೀರಿ ಊದಿಕೊಳ್ಳುತ್ತದೆ. ಹಾಗಾಗಿ ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ಗುಡಿಸುವುದು, ರಂಗೋಲಿ ಇಡುವುದು, ನೀರು ತುಂಬುವುದು ನಮ್ಮ ಮನೆಗಳಲ್ಲಿ ಬೀಳುವುದು ಅದೇ ಹೊತ್ತಿಗೆ. ಕೆಲವು ದಿನ ಆ ಕೆಲಸ ಬೇರೆಯವರು ಮಾಡಲಿ, ಅಥವಾ ಉದ್ದ ಹಿಡಿಯ ಪೊರಕೆ ತನ್ನಿ.

ನೋವು ಮಂಡಿ ದಾಟಿ ಮೀನಖಂಡಕ್ಕೆ, ಪಾದಕ್ಕೆ ಇಳಿದು, ಕೆಮ್ಮಿದಾಗ ಸೆಳೆದರೆ ನರ ಸಿಕ್ಕಿಕೊಂಡಿರಬಹುದು. ಗೋಡೆ ಹಿಡಿದು ಹಿಮ್ಮಡಿಯ ಮೇಲೆ, ಆಮೇಲೆ ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆದು ನೋಡಿ. ಒಂದು ಕಾಲು ಸೋತರೆ ಬೇಗ ತೋರಿಸಿಕೊಳ್ಳಿ. ಬಲ ಸರಿಯಿದ್ದರೆ ಬೋರಲು ಮಲಗಿ, ಎರಡು ನಿಮಿಷದ ನಂತರ ಮೊಣಕೈ ಊರಿ ಎದೆ ಎತ್ತಿ. ಕಾಲಿನ ನೋವು ಮೇಲೆ ಸರಿದು ಸೊಂಟದಲ್ಲೇ ನಿಂತರೆ, ಅಲ್ಲಿ ಸ್ವಲ್ಪ ಹೆಚ್ಚೆನಿಸಿದರೂ ಒಳ್ಳೆಯ ಲಕ್ಷಣ. ದಿನಕ್ಕೆ ನಾಲ್ಕೈದು ಸಲ, ಹತ್ತತ್ತು ಬಾರಿ ಮಾಡಿ. ನೋವು ಕಾಲಲ್ಲಿ ಇನ್ನೂ ಕೆಳಗೆ ಸರಿದರೆ ನಿಲ್ಲಿಸಿ, ಫಿಸಿಯೊಥೆರಪಿಸ್ಟ್ ನೋಡಿ ಹೇಳಲಿ.

ಆರು ವಾರ ಕಳೆದರೂ ಕಾಲಿನ ನೋವು ಬಿಡದಿದ್ದರೆ ಎಂಆರ್‌ಐಗೆ ಅರ್ಥವಿದೆ. ಡಿಸ್ಕ್ ಶಸ್ತ್ರಚಿಕಿತ್ಸೆ ಒತ್ತಿಹೋದ ನರವನ್ನು ಬಿಡಿಸಿ ಕಾಲಿನ ನೋವನ್ನು ಇಳಿಸುತ್ತದೆ. ಬರೀ ಸೊಂಟದ ನೋವಿಗೆಂದು ಅದನ್ನು ಮಾಡಿಸಲು ಹೊರಟವರು ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲೇಬೇಕು.