ಮಲ್ಪೆ ಬಂಗುಡೆ ಬೇರೆ, ಕೇರಳದ ಬಂಗುಡೆ ಬೇರೆಯಾ?

ಪ್ರಶ್ನೆ: ದಾವಣಗೆರೆಯಲ್ಲಿ ನಾನು ಮೀನು ತಗೊಳ್ಳುವ ಅಂಗಡಿಯವರು 'ಇದು ಮಲ್ಪೆದು, ಕೇರಳದ್ದಲ್ಲ' ಅಂತ ಕೆ.ಜಿ.ಗೆ 20 ರೂಪಾಯಿ ಜಾಸ್ತಿ ಕೇಳುತ್ತಾರೆ. ಎರಡೂ ಬೇರೆ ತಳಿನಾ? ಡಿಎನ್‌ಎ ನೋಡಿದರೆ ಗೊತ್ತಾಗುತ್ತಾ?

ಉತ್ತರ: ಬೇರೆ ತಳಿ ಅಲ್ಲ. ಡಿಎನ್‌ಎ ನೋಡಿ ಊರು ಹೇಳುವುದೂ ತೀರಾ ಕಷ್ಟ. ರುಚಿ ಬೇರೆ ಅನ್ನಿಸಿದರೆ ಅದು ಮೀನಿನ ಕೊಬ್ಬು, ಹಿಡಿದ ಕಾಲ, ಐಸಿನಲ್ಲಿ ಕಳೆದ ದಿನಗಳ ಲೆಕ್ಕ. ಕಿವಿರು ಕೆಂಪಗಿದ್ದರೆ 20 ರೂಪಾಯಿ ಕೊಡಿ, ಊರಿನ ಹೆಸರಿಗೆ ಬೇಡ.

ಯಾಕೆ ಹೀಗೆ? ಮೊದಲು ನಮ್ಮ ಪಕ್ಕದ ಮಾರಿಕಣಿವೆ ಅಣೆಕಟ್ಟು ನೋಡೋಣ. ಅದರ ಜಲಾಶಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಷ್ಟು ಕಾಲ ಮೇಲಿನ ಮೀನು ಕೋಡಿಯಿಂದ ಕೆಳಗೆ ಇಳಿಯಲಿಲ್ಲ, ಕೆಳಗಿನ ವೇದಾವತಿ ನದಿಯ ಮೀನು ಆ ಗೋಡೆ ಹತ್ತಿ ಮೇಲೆ ಬರುವ ಹಾಗಿಲ್ಲ. ಹೀಗೆ ಬೇರೆಯಾದ ಗುಂಪುಗಳು ತಮ್ಮತಮ್ಮಲ್ಲೇ ಮರಿ ಮಾಡುತ್ತಾ ಹೋದರೆ ತಲೆಮಾರಿನಿಂದ ತಲೆಮಾರಿಗೆ ಅವುಗಳ ಜೀನ್‌ಗಳು ಸ್ವಲ್ಪಸ್ವಲ್ಪ ಬೇರೆಯಾಗುತ್ತವೆ. ಗುಂಪು ಚಿಕ್ಕದಾದಷ್ಟೂ ಇದು ಬೇಗ. (ಕಾಟ್ಲಾ, ರೋಹು ಈ ಲೆಕ್ಕಕ್ಕೆ ಬರಲ್ಲ. ಅವು ಗಂಗೆಯ ಕಡೆಯ ಮೀನು, ಮರಿ ತಂದು ಕೆರೆಗೆ ಬಿಟ್ಟದ್ದು.)

ಕಡಲಲ್ಲಿ ಅಂಥ ಗೋಡೆ ಎಲ್ಲಿದೆ? ಬಂಗುಡೆ ಮೊಟ್ಟೆಯನ್ನು ಸುಮ್ನೆ ನೀರಿಗೆ ಬಿಡುತ್ತದೆ. ಸಾಸಿವೆಗಿಂತ ಚಿಕ್ಕ ಮೊಟ್ಟೆ. ಅದೂ, ಒಡೆದು ಬಂದ ಮರಿಯೂ ತೇಲುತ್ತಾ ಹೋಗುತ್ತವೆ. ಪಶ್ಚಿಮ ಕರಾವಳಿಯುದ್ದಕ್ಕೂ ನೀರಿನ ಸೆಳೆತ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ದೊಡ್ಡವಾದ ಮೇಲೂ ಹಿಂಡುಹಿಂಡಾಗಿ ಅಲೆಯುತ್ತವೆ. ಮಲ್ಪೆ, ಕೊಚ್ಚಿ ಎಂಬ ಗಡಿ ನಮಗಷ್ಟೇ.

ಎರಡು ಗುಂಪು ಎಷ್ಟು ಬೇರೆ ಎಂದು ಅಳೆಯಲು ವಿಜ್ಞಾನಿಗಳು ಎಫ್‌ಎಸ್‌ಟಿ ಎಂಬ ಅಂಕಿ ಬಳಸುತ್ತಾರೆ. ಸೊನ್ನೆ ಅಂದರೆ ಪೂರ್ತಿ ಬೆರೆತಿವೆ, ಒಂದು ಅಂದರೆ ಪೂರ್ತಿ ಬೇರೆ. ತೇಲುವ ಮೊಟ್ಟೆ ಇಡುವ, ಹೀಗೆ ಅಲೆಯುವ ಕಡಲ ಮೀನುಗಳಲ್ಲಿ ಅದು ಸಾಮಾನ್ಯವಾಗಿ ಸೊನ್ನೆಯ ಹತ್ತಿರವೇ ಇರುತ್ತದೆ.

ಹಾಗಂತ 'ಎಲ್ಲ ಒಂದೇ ಮೀನು, ಎಲ್ಲಿ ಎಷ್ಟು ಹಿಡಿದರೂ ನಡೆಯುತ್ತೆ' ಅನ್ನಬೇಡಿ. ಎಡವುವುದು ಇಲ್ಲೇ. ಎರಡು ಗುಂಪಿನ ಜೀನ್‌ಗಳು ಬೆರೆತಿರಲು ತಲೆಮಾರಿಗೆ ಬೆರಳೆಣಿಕೆಯ ಮೀನು ಆ ಕಡೆ ಈ ಕಡೆ ಹೋದರೂ ಸಾಕು. ಆದರೆ ಖಾಲಿಯಾದ ಬಲೆ ತುಂಬಲು ಅಷ್ಟು ಮೀನು ಎಲ್ಲಿ ಸಾಲುತ್ತದೆ? ಬೂತಾಯಿ (ಮತ್ತಿ, ಸಾರ್ಡೀನ್) ಮೀನನ್ನೇ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ ಮೂರು ಸಾವಿರ ಚಿಲ್ಲರೆ ಟನ್. ಅದಕ್ಕೆ ಕಡಲು ಬಿಸಿಯಾದದ್ದು, ಆಹಾರ ಕಮ್ಮಿಯಾದದ್ದು ಎಲ್ಲ ಸೇರಿಕೊಳ್ಳುತ್ತವೆ, ಬಲೆಯದೊಂದೇ ತಪ್ಪಲ್ಲ.

ಹಳೆಯ ಪರೀಕ್ಷೆಗಳು ಹೆಚ್ಚಾಗಿ ಜೀವಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಭಾಗದಲ್ಲಿರುವ, ತಾಯಿಯಿಂದ ಮಾತ್ರ ಬರುವ ಡಿಎನ್‌ಎ ತುಣುಕನ್ನು ನೋಡುತ್ತಿದ್ದವು. ಸಾವಿರ ಪುಟದ ಪುಸ್ತಕದಲ್ಲಿ ಒಂದು ಪುಟ ಓದಿದ ಹಾಗೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2023ರಲ್ಲಿ ಬೂತಾಯಿಯ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಪುಸ್ತಕವನ್ನೇ ಬಿಡಿಸಿಟ್ಟಿತು. ಇನ್ನು ಬಿಸಿನೀರು, ಉಪ್ಪಿನಂಶಕ್ಕೆ ಹೊಂದಿಕೊಂಡ ಸಣ್ಣಸಣ್ಣ ವ್ಯತ್ಯಾಸಗಳನ್ನೂ ಹುಡುಕಬಹುದು. ನಿಮ್ಮ ಅಂಗಡಿಯವರಿಗೆ ಮಾತ್ರ ಈಗಲೇ ಹೇಳಬೇಡಿ, ಇನ್ನೊಂದು 20 ರೂಪಾಯಿ ಏರಿಸಿಬಿಟ್ಟಾರು.